ಹೆಡ್ ಬದಲಿಸುವ ಮೊದಲು ರೆಕಾರ್ಡ್ ಸ್ವಿಚ್ ನೋಡಿ

ಹಳೆಯ ಟೇಪ್ ರೆಕಾರ್ಡರಿನ ದನಿ ತಗ್ಗಿದರೆ ಸಾಕು, ‘ಹೆಡ್ ಹೋಗಿದೆ, ಹೊಸದು ಹಾಕಿಕೊಡಿ’ ಎನ್ನುತ್ತಲೇ ತರುತ್ತಾರೆ. ಟೇಪಿಗೆ ತಾಗಿ ದನಿ ಓದುವ ಆ ಪುಟ್ಟ ಲೋಹದ ಹೆಡ್ ಪಾಪ, ಅಷ್ಟು ಬೇಗ ಹೋಗುವಂಥದ್ದಲ್ಲ. ಉಗುರು ಆಡಿಸಿದಾಗ ತಡೆಯುವಷ್ಟು ಸವೆದಿದ್ದರೆ ಮಾತು ಬೇರೆ. ಕಂದು ಪುಡಿ ಮೆತ್ತಿಕೊಂಡಿದ್ದರೆ ದನಿ ಮಂಕಾಗುತ್ತದೆ, ‘ಸ’ಕಾರ ಕೇಳಿಸದು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದರೆ ಆಯಿತು.

ದನಿ ಮಂಕಾಗದೆ ಬರೀ ಕಡಿಮೆಯಾಗಿದೆಯೇ? ಒಂದೇ ಕಡೆ ಬರುತ್ತಿದೆಯೇ? ಸೆಟ್ ತಟ್ಟಿದರೆ ಬಂದು ಹೋಗುತ್ತಿದೆಯೇ? ಅದರಲ್ಲೇ ರೇಡಿಯೊ ಇದ್ದರೆ ಹಾಕಿ ನೋಡಿ. ರೇಡಿಯೊ ಚೆನ್ನಾಗಿದ್ದು ಕ್ಯಾಸೆಟ್ ಮಾತ್ರ ಕರಕರ ಎಂದರೆ ಸ್ಪೀಕರ್ ಬದಲಿಸಿ ಪ್ರಯೋಜನವಿಲ್ಲ. ಬೋರ್ಡಿನ ಮೇಲೆ ಉದ್ದಕ್ಕೆ ಮಲಗಿರುವ ರೆಕಾರ್ಡ್-ಪ್ಲೇ ಸ್ವಿಚ್ಚನ್ನು ಮೊದಲು ಅನುಮಾನಿಸಿ.

‘ನಾವು ರೆಕಾರ್ಡ್ ಮಾಡುವುದೇ ಇಲ್ಲವಲ್ಲ’ ಎನ್ನುತ್ತಾರೆ. ಮಾಡದಿರುವುದೇ ತೊಂದರೆ! ಹಾಡು ಕೇಳುವಾಗಲೂ ಹೆಡ್ಡಿನ ಸಿಗ್ನಲ್ ಆ ಸ್ವಿಚ್ಚನ್ನು ದಾಟಿಯೇ ಬರಬೇಕು. ಅದು ಒಂದು ಮಿಲಿವೋಲ್ಟ್ ಕೂಡ ಇರದಷ್ಟು ಸಣ್ಣದು. ವರ್ಷಗಟ್ಟಲೆ ಅಲ್ಲಾಡದ ಸ್ವಿಚ್ಚಿನ ಕಾಂಟ್ಯಾಕ್ಟ್, ಅಂದರೆ ಒಳಗೆ ಒಂದಕ್ಕೊಂದು ತಾಗುವ ಲೋಹ, ಕಪ್ಪಾಗುತ್ತದೆ. ಆ ತೆಳು ಪೊರೆಯೇ ಸಿಗ್ನಲ್ಲಿಗೆ ಗೋಡೆ.

ಪ್ಲಗ್ ಕಿತ್ತು, ಕ್ಯಾಸೆಟ್ ತೆಗೆಯಿರಿ. ಕ್ಯಾಸೆಟ್ ಇಲ್ಲದಾಗ ರೆಕಾರ್ಡ್ ಬಟನ್ ಕೂರುವುದಿಲ್ಲ. ಕ್ಯಾಸೆಟ್ ಗೂಡಿನ ಹಿಂಬದಿಯ ಮೂಲೆಯಲ್ಲಿರುವ ಪುಟ್ಟ ಲಿವರನ್ನು ಬೆರಳಿನಿಂದ ಒತ್ತಿ ಹಿಡಿದು ರೆಕಾರ್ಡ್, ಸ್ಟಾಪ್, ರೆಕಾರ್ಡ್, ಸ್ಟಾಪ್ ಎಂದು ಇಪ್ಪತ್ತು-ಮೂವತ್ತು ಸಲ ಒತ್ತಿ. ಎಷ್ಟೋ ಸೆಟ್‌ಗಳು ಇಷ್ಟಕ್ಕೇ ಬಾಯಿ ಬಿಡುತ್ತವೆ. ಕೆಲವು ದಿನಗಳಲ್ಲಿ ಮತ್ತೆ ಅದೇ ಗೋಳಾದರೆ ಬಿಚ್ಚಿ, ಸ್ವಿಚ್ಚಿನ ಎರಡೂ ತುದಿಯ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರನ್ನು ಒಂದೊಂದು ಸಲ ಚಿಮ್ಮಿಸಿ, ಮತ್ತೆ ಆಡಿಸಿ, ಚೆನ್ನಾಗಿ ಒಣಗಿದ ಮೇಲೆ ಕರೆಂಟ್ ಕೊಡಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಮಾತ್ರ ದಯವಿಟ್ಟು ಬೇಡ. ಅದು ಧೂಳು ಹಿಡಿಯುತ್ತದೆ, ರಬ್ಬರ್ ರೋಲರಿಗೆ ತಗುಲಿದರೆ ಟೇಪ್ ಜಾರುತ್ತದೆ.

ರೇಡಿಯೊ ಕೂಡ ಕರಕರ ಎನ್ನುತ್ತಿದ್ದರೆ? ವಾಲ್ಯೂಮ್ ತಿರುಗಿಸುವಾಗ ಮಾತ್ರ ಸದ್ದಾದರೆ ಅದಕ್ಕೂ ಕ್ಲೀನರೇ ಮದ್ದು. ಇಲ್ಲವಾದರೆ ಇಯರ್‌ಫೋನ್ ಜ್ಯಾಕಿಗೆ ಪಿನ್ನನ್ನು ಹತ್ತು ಸಲ ಹಾಕಿ ತೆಗೆಯಿರಿ. ಬಹಳಷ್ಟು ಸೆಟ್‌ಗಳಲ್ಲಿ ಸ್ಪೀಕರಿಗೆ ಹೋಗುವ ದಾರಿ ಅದರ ಒಳಗಿಂದಲೇ ಇರುತ್ತದೆ.

ಹೆಡ್ಡಿನ ಪಕ್ಕದ ಸ್ಪ್ರಿಂಗ್ ಸ್ಕ್ರೂ ಮುಟ್ಟಬೇಡಿ. ಅದು ಹೆಡ್ಡಿನ ಓರೆ ಸರಿಪಡಿಸಲು ಇರುವುದು, ದನಿ ಏರಿಸಲು ಅಲ್ಲ. ಇನ್ನೊಂದು: ರೆಕಾರ್ಡ್ ಸ್ವಿಚ್ ಪೂರ್ತಿ ಹಿಂದೆ ಸರಿಯದ ಸೆಟ್ಟಿನಲ್ಲಿ ಟೇಪ್ ಅಳಿಸಿಹೋಗುವ ಸಂಭವವೂ ಉಂಟು. ಪರೀಕ್ಷೆಗೆ ಅಜ್ಜನ ದನಿ ಇರುವ ಕ್ಯಾಸೆಟ್ ಹಾಕಬೇಡಿ. ಹೋದರೂ ಚಿಂತೆಯಿಲ್ಲದ ಒಂದನ್ನು ಹಾಕಿ.