ಚಳಿಗಾಲದಲ್ಲಿ ಹುಲ್ಲುಹಾಸಿನ ಆರೈಕೆ

ಡಿಸೆಂಬರ್ ಬರುತ್ತಿದ್ದಂತೆ ಬೆಂಗಳೂರು, ಮೈಸೂರುಗಳ ಮನೆಯಂಗಳದ ಹುಲ್ಲುಹಾಸು ಬಣ್ಣಗೆಡತೊಡಗುತ್ತದೆ. ಹುಲ್ಲು ಸಾಯುತ್ತಿದೆಯೆಂದು ಗಾಬರಿಗೊಂಡವರು ಉದ್ಯಾನ ನಿರ್ವಹಣೆಯ ಕೆಲಸದಲ್ಲಿರುವ ನಮ್ಮಂಥವರಿಗೆ ಕರೆ ಮಾಡತೊಡಗುತ್ತಾರೆ. ಬಹಳಷ್ಟು ಕಡೆ ಹುಲ್ಲಿಗೆ ಏನೂ ಆಗಿರುವುದಿಲ್ಲ. ನಾವು ಹಾಸಾಗಿ ಬೆಳೆಸುವ ಕೊರಿಯನ್ ಹುಲ್ಲಾಗಲಿ, ನಮ್ಮ ಗರಿಕೆಯ ಜಾತಿಗೇ ಸೇರಿದ ಬರ್ಮುಡಾ ಆಗಲಿ ಚೆನ್ನಾಗಿ ಚಿಗುರುವುದು 27ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ರಾತ್ರಿಯ ಉಷ್ಣತೆ 15–16 ಡಿಗ್ರಿಗೆ ಇಳಿದಾಗ ಅವುಗಳ ಬೆಳವಣಿಗೆ ಕುಂಠಿತವಾಗುವುದು ಸಹಜ. ಬೀದರ್, ವಿಜಯಪುರದ ಕಡೆ 10 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಹಾಸು ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೂ, ನೆಲಕ್ಕಂಟಿದ ಬಳ್ಳಿಯನ್ನು ಉಗುರಿನಿಂದ ಕೆರೆದು ನೋಡಿ: ಒಳಗೆ ಹಸಿಯಿದ್ದರೆ ಜೀವವಿದೆ.

ನಿಜವಾದ ಹಾನಿ ಶುರುವಾಗುವುದು ಹಾಸನ್ನು ಹಸಿರಾಗಿಸಲು ಸಂಜೆ ನೀರು ಹಾಯಿಸಿ, ಮೇಲೆ ಒಂದು ಹಿಡಿ ಯೂರಿಯಾ, ಅಂದರೆ ಸಾರಜನಕದ ಗೊಬ್ಬರ, ಎರಚಿದಾಗ. ಇಬ್ಬನಿಯಿಂದಲೇ ಗಂಟೆಗಟ್ಟಲೆ ತೇವವಾಗಿರುವ ಎಲೆಗೆ ಸಂಜೆಯ ನೀರೂ ಸೇರಿದರೆ ಇಡೀ ರಾತ್ರಿ ಶಿಲೀಂಧ್ರಕ್ಕೆ ಹಬ್ಬ. ಬೆಳಗಿನ ಜಾವ ಬಗ್ಗಿ ನೋಡಿದರೆ ಜೇಡರಬಲೆಯಂಥ ಬಿಳಿ ಎಳೆಗಳು, ಅವುಗಳ ಕೆಳಗೆ ನಾಣ್ಯದಿಂದ ಅಂಗೈಯಷ್ಟು ಅಗಲದ ಒಣಗಿದ ವೃತ್ತಗಳು, ಬಿಡಿ ಎಲೆಯ ಮೇಲೆ ಕೆಂಪುಗಂದು ಅಂಚಿನ ಬಿಳಿಚಿದ ಪಟ್ಟಿ ಕಂಡರೆ ಅದು ಡಾಲರ್ ಸ್ಪಾಟ್ ರೋಗ. ಜೇಡರಬಲೆಗೂ ಇದಕ್ಕೂ ವ್ಯತ್ಯಾಸ ತಿಳಿಯಬೇಕೆಂದರೆ ಬಿಸಿಲೇರುವವರೆಗೆ ಕಾಯಿರಿ. ಇಬ್ಬನಿ ಆರಿದಂತೆ ಶಿಲೀಂಧ್ರದ ಎಳೆಗಳು ಕಣ್ಮರೆಯಾಗುತ್ತವೆ, ಬಲೆ ಉಳಿಯುತ್ತದೆ. ವಿಚಿತ್ರವೆಂದರೆ ಈ ರೋಗ ಸಾರಜನಕ ತೀರಾ ಕಡಿಮೆಯಾದ ಹಾಸಿನಲ್ಲೇ ಹೆಚ್ಚು, ಅದೇ ಇನ್ನೊಂದು ಶಿಲೀಂಧ್ರ ರೋಗವಾದ ಕಂದು ಮಚ್ಚೆಗೆ ಸಾರಜನಕ ಅತಿಯಾದ ಮೆದು ಚಿಗುರು ಬೇಕು. ಹಾಗಾಗಿ ನವೆಂಬರ್‌ನ ಮೊದಲ ವಾರಗಳಲ್ಲಿ ಪೊಟ್ಯಾಷ್ ಹೆಚ್ಚಿರುವ ಮಿಶ್ರಗೊಬ್ಬರವನ್ನು ಮಿತವಾಗಿ ಒಮ್ಮೆ ಕೊಟ್ಟು, ಆಮೇಲೆ ಶಿವರಾತ್ರಿಯವರೆಗೆ ಕೈ ಕಟ್ಟಿಕೊಂಡಿರುವುದೇ ನನ್ನ ಪದ್ಧತಿ.

ನೀರನ್ನು ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ, ಬೆರಳಿಟ್ಟು ನೋಡಿದಾಗ ಮೇಲಿನ ಒಂದಂಗುಲ ಮಣ್ಣು ಒಣಗಿದ್ದರೆ ಮಾತ್ರ ಕೊಡಿ. ಅದಕ್ಕೂ ಮುಂಚೆ ಉದ್ದನೆಯ ಬಿದಿರು ಕೋಲನ್ನು ಹಾಸಿನ ಮೇಲೆ ಒಮ್ಮೆ ಎಳೆದು ಇಬ್ಬನಿ ಕೆಡವಿದರೆ ಎಲೆ ಬೇಗ ಆರುತ್ತದೆ. ಹಳೆಯ ಮಾಲಿಗಳು ಮಾಡುತ್ತಿದ್ದ ಈ ಕೆಲಸಕ್ಕೆ ಖರ್ಚಿಲ್ಲ, ಬೆಳಿಗ್ಗೆ ಬೇಗ ಏಳಬೇಕು ಅಷ್ಟೆ. ಮನೆಯ ಉತ್ತರ ಬದಿಯ ಹುಲ್ಲಿನ ಮೇಲೆ ಹೆಚ್ಚು ನಿಗಾ ಇಡಿ, ಏಕೆಂದರೆ ದಕ್ಷಿಣಾಯನದಲ್ಲಿ ವಾಲಿದ ಸೂರ್ಯನಿಂದ ಗೋಡೆಯ ನೆರಳು ಆ ಕಡೆಗೇ ಉದ್ದವಾಗಿ ಬೀಳುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ಅಲಗನ್ನು ಸ್ವಲ್ಪ ಎತ್ತರಿಸಿ, ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ.

ಅಂಚಿನಲ್ಲಿ ನೆಟ್ಟ ಮೊಂಡೋ ಹುಲ್ಲು ಸಸ್ಯಶಾಸ್ತ್ರದ ಪ್ರಕಾರ ಹುಲ್ಲೇ ಅಲ್ಲ, ಶತಾವರಿಯ ಬಳಗದ್ದು. ನಮ್ಮ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಅಲಂಕಾರಕ್ಕೆ ಬೆಳೆಸುವ ಫೌಂಟನ್ ಹುಲ್ಲಿನ ಒಣ ತೆನೆಗಳನ್ನು ಮಾತ್ರ ಈಗ ತೆಗೆದು, ಬುಡ ಕತ್ತರಿಸುವುದನ್ನು ಫೆಬ್ರವರಿ ಕೊನೆಗೆ ಮುಂದೂಡಿ. ಹುಲ್ಲುಹಾಸನ್ನು ಚುಚ್ಚಿ ಗಾಳಿಯಾಡಿಸುವುದು, ಮರಳು ಬೆರೆಸಿದ ಗೊಬ್ಬರ ಹರಡುವುದು, ಸತ್ತ ತೇಪೆಗಳಿಗೆ ಹೊಸ ಹುಲ್ಲು ನೆಡುವುದು ಇವೆಲ್ಲವೂ ಆಗಲೇ ಆಗಲಿ.