ಬಿಡುಗಡೆಯ ಮರುದಿನ: ಪುನರ್ವಸತಿ ಪಾಠಕ್ಕೆ ನನ್ನ ಟಿಪ್ಪಣಿ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವ ನಾವು ಹೆಚ್ಚಿನವರು ಜೈಲಿನಿಂದ ‘ಬಿಡುಗಡೆಯಾದವರ ಪುನರ್ವಸತಿ’ ಪಾಠವನ್ನು ಐದು ಅಂಕದ ಪ್ರಶ್ನೆ ಎಂದು ಕೊನೆಗೆ ಇಟ್ಟುಕೊಳ್ಳುತ್ತೇವೆ. ಕಾರವಾರದಲ್ಲಿ ಕ್ಷೇತ್ರಕಾರ್ಯ ಮಾಡಿದ ಮೇಲೆ ಆ ಪಾಠವನ್ನು ಬೇರೆ ತುದಿಯಿಂದ ಓದಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿದೆ.

ಪುಸ್ತಕದ ಕ್ರಮ ನಿಮಗೆ ಗೊತ್ತೇ ಇದೆ. ಶಿಕ್ಷೆಯಾಗುತ್ತದೆ, ಒಳಗೆ ಕಸುಬು ಕಲಿಸುತ್ತಾರೆ, ಅವಧಿ ಮುಗಿಯುವ ಮೊದಲು ಸಿದ್ಧತೆ ನಡೆಯುತ್ತದೆ, ಹೊರಗೆ ಬಂದಮೇಲೆ ಅನುಪಾಲನೆ, ಅಂದರೆ ಬೆನ್ನಿಗೆ ನಿಂತು ನೋಡಿಕೊಳ್ಳುವುದು. ಇದು ಸಜಾ ಬಂದಿಯ ದಾರಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿ ನೋಡಿ: ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಪ್ರಕರಣದ ತೀರ್ಪು ಇನ್ನೂ ಬಾರದವರು. ನಾಲ್ಕರಲ್ಲಿ ಮೂವರು. ಕಾರವಾರದಲ್ಲಿ ಇರುವುದು ಜಿಲ್ಲಾ ಕಾರಾಗೃಹ. ದೀರ್ಘ ಶಿಕ್ಷೆಯವರು ಹೋಗುವ ಕೇಂದ್ರ ಕಾರಾಗೃಹಗಳೇನಿದ್ದರೂ ಧಾರವಾಡ, ಬೆಳಗಾವಿಯ ಹಿಂಡಲಗಾ, ಶಿವಮೊಗ್ಗದಂಥ ಕಡೆ. ನಮ್ಮ ಜಿಲ್ಲೆಯಲ್ಲಿ ಜೈಲಿನಿಂದ ಹೊರಬರುವವರನ್ನು ಭೇಟಿಯಾಗುತ್ತೇವೆ ಅಂದರೆ ಬಹುಪಾಲು ಜಾಮೀನಿನ ಮೇಲೆ ಬಂದವರನ್ನೇ. ಅವರ ಬಿಡುಗಡೆಗೆ ಮೊದಲೇ ಗೊತ್ತಾದ ತಾರೀಕು ಇರುವುದಿಲ್ಲ. ಆದೇಶ ಕೈಸೇರಿದ ದಿನ ಸಂಜೆ ಬಾಗಿಲು ತೆರೆಯುತ್ತದೆ, ಅಷ್ಟೇ. ಪಾಠದಲ್ಲಿರುವ ಯಾವ ಸಿದ್ಧತೆಯೂ ಅವರನ್ನು ಮುಟ್ಟಿರುವುದಿಲ್ಲ.

ನಾನು ಮಾತಾಡಿಸಿದ ಒಬ್ಬರು ಅಂಕೋಲಾ ಕಡೆಯವರು, ಮೀನುಗಾರಿಕೆ ಬೋಟಿನಲ್ಲಿ ಖಲಾಸಿ, ಅಂದರೆ ಕೆಲಸದಾಳು. ಎಂಟು ತಿಂಗಳು ಒಳಗಿದ್ದು ಜೂನ್‌ನಲ್ಲಿ ಹೊರಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕೊಟ್ಟೆ. ಅದರಲ್ಲಿ ಒಂದು ಲುಂಗಿ, ಎರಡು ಅಂಗಿ, ಕೋರ್ಟಿನ ಕಾಗದ, ಸತ್ತುಹೋದ ಸಿಮ್ ಇರುವ ಮೊಬೈಲು. ಮಳೆ ಹೊಡೆಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಾಗದ ಒದ್ದೆಯಾಗದ ಹಾಗೆ ಕೊಟ್ಟೆಯನ್ನು ಅಂಗಿಯೊಳಗೆ ಸೇರಿಸಿಕೊಂಡಿದ್ದರಂತೆ. “ಮನೆಗೆ ಹೋಗುಕೆ ಹೆದರಿಕೆ ಆಗ್ಲಿಲ್ಲ ತಂಗಿ, ಮರುದಿವ್ಸ ಎಂತ ಮಾಡುದು ಅಂತ ಹೆದರಿಕೆ ಆಯ್ತು” ಅಂದರು.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 107 ಮತ್ತು 108ನೆಯವನ್ನು ಈ ಚಿತ್ರದ ಪಕ್ಕ ಇಟ್ಟು ಓದಿ. ಶಿಕ್ಷೆಯ ಮೊದಲ ದಿನದಿಂದಲೇ ಬಿಡುಗಡೆಯ ನಂತರದ ಬದುಕಿನ ಯೋಚನೆ ಇರಬೇಕು ಅನ್ನುತ್ತದೆ 107. ಹೊರಗೆ ಹೋಗುವವರ ಕೈಯಲ್ಲಿ ಗುರುತಿನ ಕಾಗದಪತ್ರ ಇರಬೇಕು, ತಕ್ಕ ಮನೆ ಮತ್ತು ಕೆಲಸ ಇರಬೇಕು, ಹವೆಗೂ ಕಾಲಕ್ಕೂ ಒಗ್ಗುವ ಬಟ್ಟೆ ಇರಬೇಕು, ಊರು ಮುಟ್ಟುವಷ್ಟು ಹಣ ಇರಬೇಕು ಅನ್ನುತ್ತದೆ 108. ಬಟ್ಟೆಯ ಮಾತು ಓದಿದಾಗ ಮೊದಲು ನನಗೆ ಸಣ್ಣದೆನಿಸಿತ್ತು. ಕಾರವಾರದ ಜೂನ್ ಮಳೆಯಲ್ಲಿ ಅದು ಸಣ್ಣದಲ್ಲ.

ಈಗ ಕಾಗದಪತ್ರದ ವಿಷಯ. ಇಲ್ಲಿ ಒಂದಕ್ಕೊಂದು ಕೊಂಡಿ ಇದೆ, ಅದನ್ನು ಬಿಡಿಸಿ ಬರೆದವರಿಗೆ ಪೂರ್ತಿ ಅಂಕ ಕೊಡಬೇಕು. ತಿಂಗಳುಗಟ್ಟಲೆ ಬಳಸದ ಸಿಮ್ ನಿಂತುಹೋಗುತ್ತದೆ. ಆಧಾರ್‌ಗೆ ಜೋಡಿಸಿದ್ದು ಅದೇ ನಂಬರು. ನಂಬರಿಲ್ಲದಿದ್ದರೆ ಒಟಿಪಿ ಇಲ್ಲ, ಒಟಿಪಿ ಇಲ್ಲದಿದ್ದರೆ ಅರ್ಧ ಅರ್ಜಿಗಳು ಮುಂದೆ ಹೋಗುವುದಿಲ್ಲ. ಎರಡು ವರ್ಷ ವ್ಯವಹಾರವಿಲ್ಲದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ. ಕೆವೈಸಿ ಕೊಟ್ಟು ಮತ್ತೆ ಚಾಲೂ ಮಾಡಿಸಬೇಕು, ಅದಕ್ಕೆ ಶುಲ್ಕವಿಲ್ಲ. ಹಾಗಾಗಿ ಸ್ವಯಂಸೇವಕರ ಮೊದಲ ಕೆಲಸ ಸಮಾಲೋಚನೆ ಅಲ್ಲ, ಮೊಬೈಲ್ ನಂಬರು. ಆಧಾರ್ ಕೇಂದ್ರಕ್ಕೆ ಅವರ ಜೊತೆ ಹೋಗಿ ಸರದಿಯಲ್ಲಿ ನಿಲ್ಲಬೇಕು. ನಾನು ನಿಂತಿದ್ದೇನೆ; ಅರ್ಧ ದಿನ ಹೋಯಿತು, ಆದರೆ ಆಮೇಲಿನ ಮೂರು ಕೆಲಸ ಅದರಿಂದಲೇ ಆಯಿತು.

ಕೆಲಸ ಸಿಗುವುದು ಋತುವಿನ ಮೇಲೆ ನಿಂತಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ಕಟ್ಟಿ ನಿಂತಿರುವಾಗ ಹೊರಬಂದ ಖಲಾಸಿಗೆ ನಾಡದೋಣಿಯವರು ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೇ ಹೊತ್ತಿಗೆ ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯುವವರಿಗಾಗಿ ಹುಡುಕುತ್ತಿರುತ್ತಾರೆ. ಮರ ಹತ್ತಬಲ್ಲವರಿಗೆ ಅದು ಕೈತುಂಬ ಕೂಲಿ. ಅಡಿಕೆ ಕೊನೆ ಕೊಯ್ಲಿನಲ್ಲಿ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರಿಗೆ ಇರುವ ಬೇಡಿಕೆಯಂತೂ ಹೇಳುವುದೇ ಬೇಡ. ಆದರೆ ಮರ ಹತ್ತುವುದು ಎರಡು ದಿನದಲ್ಲಿ ಬರುವ ವಿದ್ಯೆಯಲ್ಲ. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ)ಯಂಥ ಕಡೆ ಗ್ರಾಮೀಣ ಯುವಜನರಿಗೆ ಊಟ ವಸತಿ ಸಹಿತ ಉಚಿತ ತರಬೇತಿ ಇದೆ. ಕಲಿಯುವವನ ಮನೆಯಲ್ಲಿ ಆ ದಿನಗಳ ಅಕ್ಕಿಗೆ ದಾರಿ ಏನು ಎಂಬುದನ್ನೂ ಕಾರ್ಯಕ್ರಮ ಮಾಡುವವರು ಯೋಚಿಸಬೇಕು. ನೌಕಾನೆಲೆ, ಕೈಗಾ ಅಣುಸ್ಥಾವರದ ಒಳಗಿನ ಗುತ್ತಿಗೆ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಬೇಕು, ಪ್ರಕರಣ ಬಾಕಿ ಇದ್ದವರಿಗೆ ಅದು ಕಷ್ಟದ ದಾರಿ. ಫಾರ್ಮಿನಲ್ಲಿ ಕೇಳಿದ್ದನ್ನು ಮುಚ್ಚಿಡಲು ಮಾತ್ರ ಯಾರಿಗೂ ಸಲಹೆ ಕೊಡಬೇಡಿ. ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಮಾಹಿತಿ ನಿಜವಿರಬೇಕು ಎಂದಿತು. ನಿಜ ಹೇಳಿದವರ ವಿಷಯದಲ್ಲೂ ಪೂರ್ವಾಪರ ನೋಡಿ ತೀರ್ಮಾನಿಸುವ ಹಕ್ಕು ಉದ್ಯೋಗದಾತರಿಗೆ ಇದ್ದೇ ಇದೆ.

ಇನ್ನು ಜಾಮೀನು. ಆದೇಶ ಸಿಕ್ಕೂ ಹಣವಿಲ್ಲದೆ, ಪಹಣಿ ತೋರಿಸಿ ನಿಲ್ಲುವ ಜಾಮೀನುದಾರರಿಲ್ಲದೆ ಒಳಗೇ ಉಳಿಯುವವರಿದ್ದಾರೆ. 1978ರ ಮೋತಿರಾಮ್ ಪ್ರಕರಣ ಓದಿ: ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು, ಜಾಮೀನುದಾರನಾಗಿ ಬಂದ ಅವನ ಸಹೋದರ ಬೇರೆ ಜಿಲ್ಲೆಯವನೆಂದು ಒಪ್ಪಿರಲಿಲ್ಲ, ಎರಡನ್ನೂ ಸುಪ್ರೀಂ ಕೋರ್ಟ್ ತಪ್ಪು ಎಂದಿತು. ಅದೇ ಕೋರ್ಟಿನ 2023ರ ಜನವರಿ 31ರ ನಿರ್ದೇಶನದ ಪ್ರಕಾರ ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಬಡ ಬಂದಿಗಳ ನೆರವಿಗೆಂದು ಕೇಂದ್ರದ ಯೋಜನೆಯೂ ಇದೆ. 2023ರಲ್ಲಿ ಶುರುವಾದಾಗ ವಿಚಾರಣಾಧೀನರಿಗೆ 40,000, ದಂಡ ಕಟ್ಟಲಾಗದ ಸಜಾ ಬಂದಿಗಳಿಗೆ 25,000 ರೂಪಾಯಿವರೆಗೆ ಮಿತಿ ಇಟ್ಟಿದ್ದರು. ಬಂಧನದಲ್ಲಿರುವವರಿಗೆ ಉಚಿತ ವಕೀಲರ ಹಕ್ಕು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಇದೆ. ಸಹಾಯವಾಣಿ 15100.

ಎಲ್ಲರೂ ಗೊಂದಲ ಮಾಡಿಕೊಳ್ಳುವ ಒಂದು ಸಂಗತಿ: 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಂ. ಜೈಲಿಗೆ ಕಳಿಸದೆ ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿ ಬಿಟ್ಟವರಿಗೆ ಅಪರಾಧ ನಿರ್ಣಯದಿಂದ ಅಂಟುವ ಅನರ್ಹತೆಯನ್ನು ಅದು ತೆಗೆಯುತ್ತದೆ. ಅಪರಾಧ ನಿರ್ಣಯವನ್ನು ಅಳಿಸುವುದಿಲ್ಲ. ಮತದಾನದ್ದೂ ಹಾಗೇ: ಜೈಲಿನಲ್ಲಿರುವಾಗ ಮತ ಹಾಕುವಂತಿಲ್ಲ, ಹೊರಬಂದ ಮೇಲೆ ಹಾಕಬಹುದು. ನಾನು ಕೇಳಿದವರಲ್ಲಿ ಮೂವರು ತಮ್ಮ ಹಕ್ಕು ಶಾಶ್ವತವಾಗಿ ಹೋಯಿತೆಂದೇ ನಂಬಿದ್ದರು.

ನಮ್ಮ ಖಲಾಸಿಯ ಜಾಮೀನಿನಲ್ಲಿ ಪ್ರತಿ ಭಾನುವಾರ ಠಾಣೆಗೆ ಬಂದು ಸಹಿ ಹಾಕಬೇಕೆಂಬ ಷರತ್ತಿದೆ. ಆಳಸಮುದ್ರಕ್ಕೆ ಹೋದ ಬೋಟು ವಾರ ಕಳೆದರೂ ದಡಕ್ಕೆ ಬರುವುದಿಲ್ಲ. ಷರತ್ತು ಮುರಿದರೆ ಜಾಮೀನು ರದ್ದಾಗಬಹುದು, ಪಾಲಿಸಿದರೆ ಬೋಟಿನ ಕೆಲಸ ಹೋಗುತ್ತದೆ. ಅವರು ಬೇರೆ ಕಸುಬು ಕಲಿಯಲಿ ಎನ್ನುವ ಮೊದಲು ಷರತ್ತನ್ನು ನೋಡಬೇಕು ಅಂತ ನನ್ನ ಅಭಿಪ್ರಾಯ. ಮ್ಯಾಜಿಸ್ಟ್ರೇಟರು ಹಾಕಿದ ಷರತ್ತನ್ನು ಬದಲಿಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 483ನೇ ಕಲಂ ಪ್ರಕಾರ ಸೆಷನ್ಸ್ ನ್ಯಾಯಾಲಯಕ್ಕೂ ಹೈಕೋರ್ಟಿಗೂ ಇದೆ. ಕಾನೂನು ನೆರವಿನ ವಕೀಲರು ತಿಂಗಳಿಗೊಮ್ಮೆ ಸಹಿ ಸಾಕೆಂದು ಅರ್ಜಿ ಹಾಕಿದ್ದಾರೆ. ಬೋಟು ನಡೆಸುವ ತಾಂಡೇಲರಿಂದ ಒಂದು ಪತ್ರ ಬೇಕಿತ್ತು. ಮೊದಲ ಸಲ ಹೋದಾಗ “ಈ ಸಲ ಬೇಡ” ಅಂದಿದ್ದವರು, ಅರ್ಜಿಯ ಪ್ರತಿ ತೋರಿಸಿದ ಮೇಲೆ ಬರೆದುಕೊಟ್ಟರು. ಆಗಸ್ಟ್ 1ಕ್ಕೆ ಬೋಟು ಇಳಿಯುವ ಮೊದಲು ಆದೇಶ ಬಂದರೆ ಬಲೆ ಹತ್ತಿಸುವ ದಿನವೇ ಬಾ ಅಂದಿದ್ದಾರೆ.