ರಂಜಕದ ಎರಡು ಸ್ವಭಾವ

ಜರ್ಮನಿಯ ಹ್ಯಾಂಬರ್ಗ್ ನಗರದ ರಸವಾದಿ ಹೆನ್ನಿಗ್ ಬ್ರಾಂಡ್ 1669ರಲ್ಲಿ ಹುಡುಕುತ್ತಿದ್ದದ್ದು ಕೀಳು ಲೋಹವನ್ನು ಚಿನ್ನವಾಗಿಸುವ ವಸ್ತುವನ್ನು. ಅದಕ್ಕಾಗಿ ಅವನು ಅಪಾರ ಪ್ರಮಾಣದ ಮೂತ್ರವನ್ನು ಕೂಡಿಟ್ಟು, ಕೊಳೆಯಲು ಬಿಟ್ಟು, ಗಟ್ಟಿ ಪಾಕವಾಗುವವರೆಗೆ ಕುದಿಸಿ, ಕೊನೆಗೆ ಪ್ರಖರವಾದ ಉರಿಯಲ್ಲಿ ಕಾಯಿಸಿ, ಎದ್ದ ಆವಿಯನ್ನು ನೀರಿನಲ್ಲಿ ತಣಿಸಿದನು. ಚಿನ್ನ ದೊರೆಯಲಿಲ್ಲ, ದೊರೆತದ್ದು ಕತ್ತಲೆಯಲ್ಲಿ ಮಂದವಾಗಿ ಬೆಳಗುವ, ಮೇಣದಂತಹ ಬಿಳಿಯ ರಂಜಕ, ಅಂದರೆ ಫಾಸ್ಫರಸ್. ಮೂತ್ರದಲ್ಲಿರುವ, ರಂಜಕ ಆಕ್ಸಿಜನ್ನಿನೊಡನೆ ಕೂಡಿರುವ ಫಾಸ್ಫೇಟ್ ಲವಣಗಳಿಂದ ಆಕ್ಸಿಜನ್ನನ್ನು ಅದೇ ಪಾಕದಲ್ಲಿದ್ದ ಇಂಗಾಲವು ಕಸಿದುಕೊಂಡುದರ ಫಲ ಅದು. ಅದೊಂದು ಧಾತುವೆಂದು ಗುರುತಿಸಲು ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೇ ಬರಬೇಕಾಯಿತು, ಅಷ್ಟರಲ್ಲಿ ಶತಮಾನವೇ ಕಳೆದಿತ್ತು.

ಬಿಳಿ ರಂಜಕದ ಅಣುವಿನಲ್ಲಿ ನಾಲ್ಕು ಪರಮಾಣುಗಳು ತ್ರಿಕೋನ ತಳದ ಪಿರಮಿಡ್ಡಿನ ನಾಲ್ಕು ಮೂಲೆಗಳಲ್ಲಿ ನಿಂತಿರುತ್ತವೆ. ಬಂಧಗಳ ನಡುವಿನ ಕೋನ ಕೇವಲ 60 ಡಿಗ್ರಿಯಷ್ಟಿರುವುದರಿಂದ ಅವು ಸದಾ ಬಿಗಿತದಲ್ಲಿರುತ್ತವೆ, ಅವಕಾಶ ಸಿಕ್ಕೊಡನೆ ಕಳಚಿಕೊಂಡು ಆಕ್ಸಿಜನ್ನಿನೊಡನೆ ಕೂಡುತ್ತವೆ. ಬ್ರಾಂಡ್ ಕಂಡ ಬೆಳಕು ಈ ಕೂಡಿಕೆ ನಿಧಾನವಾಗಿ ನಡೆಯುವಾಗ ಹೊಮ್ಮುವಂಥದು. ಗಾಳಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ದಾಟಿ ಸ್ವಲ್ಪ ಮೇಲೇರಿದರೆ ಸಾಕು, ಅದು ತಾನಾಗಿ ಹೊತ್ತಿಕೊಳ್ಳುತ್ತದೆ; ರಾಯಚೂರಿನ ಬೇಸಿಗೆಯಲ್ಲಂತೂ ಬಯಲಿನಲ್ಲಿಡುವ ಮಾತೇ ಇಲ್ಲ. ಆದ್ದರಿಂದಲೇ ಅದನ್ನು ನೀರಿನಡಿ ಇಡುವ ರೂಢಿ.

ಗಾಳಿ ಸೋಕದಂತೆ ಇದನ್ನೇ 250 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿದರೆ ಪಿರಮಿಡ್ಡುಗಳು ಬಿಚ್ಚಿಕೊಂಡು ಉದ್ದನೆಯ ಸರಪಳಿಗಳಾಗಿ ಕೆಂಪು ರಂಜಕ ಹುಟ್ಟುತ್ತದೆ. ಪರಮಾಣುಗಳು ಅವೇ, ಆದರೆ ಇದು ಕತ್ತಲೆಯಲ್ಲಿ ಬೆಳಗುವುದಿಲ್ಲ, ಬಿಳಿಯದರಂತೆ ಕಡುವಿಷವೂ ಅಲ್ಲ. ಈ ವ್ಯತ್ಯಾಸಕ್ಕೆ ಬೆಲೆ ತೆತ್ತವರು ಬೆಂಕಿಕಡ್ಡಿ ಕಾರ್ಖಾನೆಗಳ ಕೆಲಸಗಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಕಡ್ಡಿಯ ತುದಿಗೆ ಬಿಳಿ ರಂಜಕವನ್ನೇ ಹಚ್ಚುತ್ತಿದ್ದರು. ಅದರ ಆವಿಯಿಂದ ಹಲವರ ದವಡೆಯ ಮೂಳೆ ಕೊಳೆತುಹೋಗುತ್ತಿತ್ತು. ಕೆಂಪು ರಂಜಕ 1840ರ ದಶಕದಲ್ಲೇ ಗೊತ್ತಿದ್ದರೂ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಬರ್ನ್ ಒಪ್ಪಂದ ಆದದ್ದು 1906ರಲ್ಲಿ. ತಡವಾದದ್ದು ವಿಜ್ಞಾನದಿಂದಲ್ಲ, ಅಗ್ಗದ ಸರಕಿನ ಮೇಲಿನ ಆಸೆಯಿಂದ ಎನ್ನಬೇಕು.

ಇಂದಿನ ಬೆಂಕಿಪೊಟ್ಟಣದಲ್ಲಿ ರಂಜಕವಿರುವುದು ಕಡ್ಡಿಯ ತುದಿಯಲ್ಲಲ್ಲ, ಪೊಟ್ಟಣದ ಬದಿಯ ಕಂದು ಪಟ್ಟಿಯಲ್ಲಿ. ಕಡ್ಡಿ ಗೀರಿದಾಗ ಹುಟ್ಟುವ ಶಾಖಕ್ಕೆ ಆ ಪಟ್ಟಿಯ ಕೆಂಪು ರಂಜಕದ ಒಂದು ಕಣ ಬಿಳಿಯದಾಗಿ ಮಾರ್ಪಟ್ಟು ಹೊತ್ತಿಕೊಳ್ಳುತ್ತದೆ, ಆ ಕಿಡಿಯಿಂದ ತುದಿಯಲ್ಲಿರುವ ಪೊಟ್ಯಾಸಿಯಂ ಕ್ಲೋರೇಟಿನ ಮಿಶ್ರಣ ಭಗ್ಗನೆ ಉರಿಯುತ್ತದೆ.

ನಿಸರ್ಗದಲ್ಲಿ ಮಾತ್ರ ರಂಜಕ ಈ ಎರಡೂ ರೂಪಗಳಲ್ಲಿ ಬಿಡಿಯಾಗಿ ಸಿಗುವುದಿಲ್ಲ, ಫಾಸ್ಫೇಟ್ ಆಗಿಯೇ ಇರುತ್ತದೆ. ವಯಸ್ಕರ ದೇಹದಲ್ಲಿ ಸುಮಾರು 700 ಗ್ರಾಂ ರಂಜಕವಿದ್ದು, ಬಹುಪಾಲು ಮೂಳೆ ಹಲ್ಲುಗಳಲ್ಲಿದೆ; ಡಿಎನ್‌ಎಯ ಬೆನ್ನೆಲುಬಿನಲ್ಲೂ ಅದೇ ಇದೆ. ಬೆಳೆಗಳಿಗೂ ಅದು ಬೇಕು. ನಮ್ಮ ರೈತರು ಬಿತ್ತನೆಯ ಹೊತ್ತಿಗೆ ಹಾಕುವ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಗೊಬ್ಬರ ಮುಖ್ಯವಾಗಿ ಇದಕ್ಕಾಗಿಯೇ. ಆದರೆ ಹುಳಿ ಗುಣದ ಕೆಮ್ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆ ಫಾಸ್ಫೇಟನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಹಾಕಿದ್ದರಲ್ಲಿ ಸಣ್ಣ ಪಾಲು ಮಾತ್ರ ಆ ವರ್ಷದ ಪೈರಿನ ಬೇರಿಗೆ ದಕ್ಕುತ್ತದೆ.